ಹಳೇ ಕಾಯಿಲಿನ ಮಹಾತ್ಮೆ

ಬೋರ್‌ವೆಲ್ ಮೋಟಾರು ಸುಟ್ಟರೆ ನಾವೇನು ಮಾಡ್ತೀವಿ? ಚಿಂತಾಮಣಿಯ ವೈಂಡಿಂಗ್ ಅಂಗಡಿಗೆ ಹೊತ್ತು ಹಾಕಿ, "ಬೇಗ ಕಟ್ಟಿಕೊಡಪ್ಪಾ, ಟೊಮ್ಯಾಟೊ ಒಣಗ್ತಾ ಇದೆ" ಅಂತ ಗೋಗರೀತೀವಿ. ಹಳೇ ತಂತಿ ಗುಜರಿಗೆ ಹೋಗುತ್ತೆ. ಅದನ್ನು ಕಣ್ಣಿಗೊತ್ತಿಕೊಂಡವರನ್ನು ನಾನಂತೂ ಕಂಡಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಭಕ್ತರ ಸಂಪ್ರದಾಯವೇ ಬೇರೆ. ಅಲ್ಲಿ ಕಾಯಿಲ್ ಹಳೇದಾದಷ್ಟೂ ಪೂಜೆ ಜಾಸ್ತಿ. 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನ ಪಿಕಪ್ ಅಂದರೆ ಸಾಕು, ನಮ್ಮ ಚಿಕ್ಕಬಳ್ಳಾಪುರದ ಹುಡುಗನೂ ಕಣ್ಣು ಮುಚ್ಚಿ "ಆಹಾ, ಆ ಟೋನು!" ಅಂತಾನೆ. ಕೇಳಿರೋದು ಫೋನಿನ ಸ್ಪೀಕರಿನಲ್ಲಿ.

ಪಿಕಪ್ಪಿನೊಳಗೆ ಇರೋದಾದರೂ ಏನು? ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಎನಾಮಲ್ ಬಳಿದ ತಾಮ್ರದ ತಂತಿ. ದಪ್ಪ ಸುಮಾರು 0.063 ಮಿಲಿಮೀಟರ್, ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಕಾಂತಕ್ಷೇತ್ರ ಅಲುಗಿ ಕಾಯಿಲಿನಲ್ಲಿ ಚೂರು ಕರೆಂಟು ಹುಟ್ಟುತ್ತೆ, ಅದನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತೆ. ಮೋಟಾರು ಕಟ್ಟುವವನಿಗೆ ಹೇಳಿ ನೋಡಿ, "ಇಷ್ಟೇನಾ ಸಾರ್?" ಅಂದಾನು. ಬೆಲೆ ಕೇಳಿದರೆ ಮಾತ್ರ ಕೈಲಿರೋ ಸ್ಪ್ಯಾನರ್ ಕೆಳಗೆ ಬೀಳುತ್ತೆ.

ಗಿಬ್ಸನ್ನಿನ ಸೆತ್ ಲವರ್ ಎಂಬಾತ ಕರೆಂಟಿನ ಗುಂಯ್ ಸದ್ದು ಅಡಗಿಸಲು ಎರಡು ಕಾಯಿಲ್‌ಗಳನ್ನು ವಿರುದ್ಧ ದಿಕ್ಕಿಗೆ ಜೋಡಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಪಿಕಪ್ಪಿನ ತಳಕ್ಕೆ 'ಪೇಟೆಂಟ್ ಅಪ್ಲೈಡ್ ಫಾರ್', ಅಂದರೆ 'ಅರ್ಜಿ ಹಾಕಿದೆ' ಅಂತ ಚೀಟಿ ಅಂಟಿತು. 1959ರಲ್ಲಿ ಪೇಟೆಂಟ್ ಬಂದ ಮೇಲೂ 1962ರ ತನಕ ಅದೇ ಚೀಟಿ. ಆಮೇಲೆ ನಂಬರು ಹಾಕಿದರು ನೋಡಿ, ಅದು ಗಿಟಾರಿನ ಇನ್ಯಾವುದೋ ಬಿಡಿಭಾಗದ ಪೇಟೆಂಟ್ ನಂಬರು! ಆ ಮೊದಲ ಚೀಟಿಯ 'ಪಿಎಎಫ್' ಎಂಬ ಮೂರಕ್ಷರ ಈಗ ಬೀಜಮಂತ್ರ.

ಮಂತ್ರ ಹುಟ್ಟಿದ ಕಾರ್ಖಾನೆಯ ಶಿಸ್ತೂ ಹಾಗೇ ಇತ್ತು. ಬಾಬಿನ್ ತುಂಬಿತು ಅನಿಸಿದಾಗ ಮೆಷೀನ್ ನಿಲ್ಲಿಸೋದು. ಸುತ್ತು 5,000 ಇರಬೇಕು, ಒಂದರಲ್ಲಿ ಹೆಚ್ಚು, ಜೋಡಿಯಲ್ಲಿ ಕಮ್ಮಿ. ಹೀಗಾಗಿ ಗುಂಯ್ ಸದ್ದು ಪೂರ್ತಿ ಹೋಗಲಿಲ್ಲ, ಸ್ವರಕ್ಕೆ ಒಂಚೂರು ಮೊನಚು ಬಂತು. ಅಯಸ್ಕಾಂತದಲ್ಲಿ ಕೈಗೆ ಸಿಕ್ಕ ದರ್ಜೆ. ಕಪ್ಪು ಪ್ಲಾಸ್ಟಿಕ್ ಬಾಬಿನ್ ಮುಗಿದರೆ ಕೆನೆಬಣ್ಣದ್ದು. ಇವತ್ತು ಎರಡೂ ಬಾಬಿನ್ ಕೆನೆಬಣ್ಣದ್ದಾದರೆ ರೇಟು ಮೇಲೆ. ಲೋಹದ ಮುಚ್ಚಳದಡಿ ಕೂತ ಬಣ್ಣ ಯಾವ ಸ್ವರ ನುಡಿಯುತ್ತೋ, ಆ ಶಿವನೇ ಬಲ್ಲ.

ಹಾಗಂತ ಎಲ್ಲವೂ ಭ್ರಮೆಯಲ್ಲ. ಶಿಡ್ಲಘಟ್ಟದ ರೀಲರ್‌ಗಳನ್ನು ಕೇಳಿ. ಬಿಸಿನೀರಿಂದೆದ್ದ ಹಸಿ ನೂಲು ರಾಟೆಯ ಮೇಲೆ ಒಂದೇ ಜಾಗದಲ್ಲಿ ಸುತ್ತಿಕೊಂಡರೆ ಗೋಂದಿಗೆ ಎಳೆಗೆಳೆ ಅಂಟುತ್ತೆ, ಅದಕ್ಕೇ ಎಳೆಯನ್ನು ಅತ್ತಿಂದಿತ್ತ ಓಡಾಡಿಸಬೇಕು. ಕಾಯಿಲಿನದೂ ಇದೇ ಕಥೆ. ಸುತ್ತಿನ ಪಕ್ಕ ಸುತ್ತು ಶಿಸ್ತಾಗಿ ಕೂತರೆ ಅವುಗಳ ನಡುವೆ ಕೆಪಾಸಿಟೆನ್ಸ್ ಬೆಳೆದು ಮೇಲಿನ ಸ್ವರಗಳು ಮಂಕಾಗುತ್ತವೆ. ಬೆರಳಿನಲ್ಲಿ ತಂತಿ ಹಿಡಿದು ಚೆಲ್ಲಾಪಿಲ್ಲಿ ಸುತ್ತಿದರೆ ಅವು ಉಳಿಯುತ್ತವೆ. 1950ರ ದಶಕದಲ್ಲೇ ಫೆಂಡರ್ ಕಂಪನಿ ಸೇರಿದ ಅಬಿಗೈಲ್ ಇಬಾರಾ ಎಂಬಾಕೆ ಬೆರಳಳತೆಯಲ್ಲೇ ಪಿಕಪ್ ಸುತ್ತಿ ಹೆಸರು ಮಾಡಿದರು. ನಮ್ಮಲ್ಲಿ ಗೂಡಿನಿಂದ ನೂಲು ತೆಗೆಯೋ ಹೆಂಗಸರ ಹೆಸರು ಯಾವ ಸೀರೆಯ ಸೆರಗಿನ ಮೇಲೂ ಬರಲಿಲ್ಲ, ಆ ಮಾತು ಬೇರೆ.

ಈಗಿನ ನಕಲು ತಯಾರಕರು ಆ ಹಳೇ ಅಸಡ್ಡೆಯನ್ನು ಅಳೆದೂ ಸುರಿದೂ ನಕಲು ಮಾಡ್ತಾರೆ. ಸುತ್ತು ಅಂಕುಡೊಂಕಾಗಲೆಂದೇ ಕಂಪ್ಯೂಟರಿಗೆ ಪ್ರೋಗ್ರಾಂ ಬರೀತಾರೆ, ಚೀಟಿಯನ್ನೂ ಹಳದಿಗಟ್ಟಿಸ್ತಾರೆ. ಕೊಳ್ಳುವವರೋ ಮಲ್ಟಿಮೀಟರ್ ಹಿಡಿದು "7.5 ಕಿಲೋ ಓಮ್ ಇದ್ದರೇ ಅಸಲಿ" ಅಂತ ವಾದಕ್ಕೆ ನಿಲ್ತಾರೆ. ಸ್ವಾಮಿ, ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು ಶೇ. 0.39 ಏರುತ್ತೆ. 20 ಡಿಗ್ರಿಯಲ್ಲಿ 7.5 ತೋರಿಸಿದ್ದು ಗೌರಿಬಿದನೂರಿನ ಏಪ್ರಿಲ್ ಸೆಕೆಯಲ್ಲಿ, 35 ಡಿಗ್ರಿಗೆ, 7.9 ಆಗುತ್ತೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಅಸಲಿ ಇಟ್ಟುಕೊಳ್ಳಿ.

ಕೇಬಲ್ಲಿನ ವಿಷಯವನ್ನಂತೂ ಯಾರೂ ಎತ್ತೋದೇ ಇಲ್ಲ. ಉದ್ದ ಕೇಬಲ್ಲಿಗೂ ಕೆಪಾಸಿಟೆನ್ಸ್ ಉಂಟು, ಅದೂ ಮೊನಚು ನುಂಗುತ್ತೆ. ವಾಲ್ಯೂಮ್ ಪಾಟ್ 250 ಕಿಲೋ ಓಮ್‌ನದೋ 500ರದೋ ಅನ್ನೋದರ ಮೇಲೂ ಸ್ವರ ಬದಲಾಗುತ್ತೆ. ಲಕ್ಷದ ಪಿಕಪ್ಪಿಗೆ ಫುಟ್‌ಪಾತಿನ ಕೇಬಲ್ ಚುಚ್ಚುವವರಿಗೆ ಇದನ್ನೆಲ್ಲ ಯಾರು ಹೇಳೋದು?

ಗೌರಿಬಿದನೂರಿನ ಹೊಸೂರಿನವರು ಎಚ್. ನರಸಿಂಹಯ್ಯ, ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೇ ಸಮಿತಿ ಮಾಡಿದವರು. ಅವರ ಸೀಮೆಯವರಾಗಿ ನಾವೂ ಒಂದು ಪರೀಕ್ಷೆ ಇಡೋಣ. ಒಂದು ಪರದೆ ಕಟ್ಟಿ, ಹಿಂದೆ ಒಬ್ಬನೇ ನುಡಿಸಲಿ. ಗಿಟಾರು ಅದೇ, ತಂತಿ ಅದೇ, ಕೇಬಲ್ ಅದೇ, ಪಿಕಪ್ ಮಾತ್ರ ಹಳೇದೊಂದು, ನಕಲೊಂದು. ಸದ್ದಿನ ಮಟ್ಟ ಸಮ ಇರಲಿ, ಜೋರಾಗಿ ಕೇಳಿಸಿದ್ದೇ ಚೆನ್ನ ಅನ್ನೋದು ನಮ್ಮ ಕಿವಿಯ ಚಾಳಿ. ಮಾರೋ ಆಸಾಮಿಯನ್ನು ಮಾತ್ರ ಆ ಹೊತ್ತಿಗೆ ಕಾಫಿ ಕುಡಿಯೋಕೆ ಹೊರಗೆ ಕಳಿಸಿ.