ವಾಲಿಯ ಮೇಲ್ಮನವಿ

ಹೊಸಪೇಟೆಯಲ್ಲಿ ನ್ಯಾಯಾಧೀಶರಿಗೆ ಎಂದೂ ಬರವಿಲ್ಲ. ಬಸ್ ನಿಲ್ದಾಣದ ಸುತ್ತಿನ ಯಾವ ಚಹದಂಗಡಿಗೆ ಹೋದರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಒಂದು ಪೀಠ ಕೂತೇ ಇರುತ್ತದೆ. ಡ್ಯಾಮಿನ ನೀರು ಯಾವ ಕಾಲುವೆಗೆ ಮೊದಲು ಎಂಬುದರಿಂದ ಹಿಡಿದು ಎಲ್ಲ ವ್ಯಾಜ್ಯಕ್ಕೂ ಅಲ್ಲಿ ತಕ್ಷಣ ತೀರ್ಪು. 2024ರ ಆಗಸ್ಟ್‌ನಲ್ಲಿ ಈ ಪೀಠದ ಮುಂದೆ ಬಂದದ್ದು ಪ್ಯಾರಿಸ್ ಒಲಿಂಪಿಕ್ಸಿನ ಬಾಕ್ಸಿಂಗ್ ಕೇಸು.

ಕಕ್ಷಿದಾರ ನಿಶಾಂತ್ ದೇವ್. ಹುಟ್ಟೂರು ಹರಿಯಾಣದ ಕರ್ನಾಲ್. ಆದರೆ ಕೈ ಪಳಗಿಸಿಕೊಂಡದ್ದು ನಮ್ಮ ತೋರಣಗಲ್ಲಿನ ಬಳಿಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. ಸಂಡೂರು ತಾಲ್ಲೂಕಿನ ಧೂಳು ಕುಡಿದವನು ಸಂಡೂರಿನವನೇ ಎಂದು ಪೀಠ ಮೊದಲ ಗುಟುಕಿನಲ್ಲೇ ಒಪ್ಪಿಕೊಂಡಿತು. 71 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್. ಗೆದ್ದರೆ ಕಂಚು ಖಾತ್ರಿ. ಮೊದಲ ಸುತ್ತು ನಮ್ಮವನದೇ. ಕೊನೆಗೆ ನೋಡಿದರೆ ಮೆಕ್ಸಿಕೊದ ಮಾರ್ಕೊ ವರ್ಡೆ 4–1ರಿಂದ ಗೆದ್ದಿದ್ದ.

‘ರೆಫರಿದೇ ಮೋಸ. ಇಬ್ಬರ ಕೈನೂ ಹಿಡ್ಕೊಂಡು ನಿಂತಿದ್ದ, ಎತ್ತೂ ಮುಂದ ಒಂದಾ ಎತ್ತಿದ’ ಎಂದರು ಅದಿರು ಲಾರಿಯ ಮಾಲೀಕರೊಬ್ಬರು.

ರಿಂಗಿನೊಳಗಿನ ರೆಫರಿ ಅಂಕ ಕೊಡುವುದಿಲ್ಲ, ತಬ್ಬಿಕೊಂಡವರನ್ನು ಬಿಡಿಸುತ್ತಾನೆ, ಎಚ್ಚರಿಸುತ್ತಾನೆ, ಪೆಟ್ಟು ತಿಂದು ತತ್ತರಿಸಿದವನ ಮುಂದೆ ಎಂಟರವರೆಗೆ ಎಣಿಸುತ್ತಾನೆ; ಅಂಕ ಹಾಕುವವರು ಹೊರಗೆ ಕೂತ ಐವರು ಎಂದು ನಾನು ತಿಳಿಸಿ ಹೇಳಿದೆ. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು ಅಥವಾ ಇನ್ನೂ ಕಡಿಮೆ.

‘ಅಂದ್ರ, ಹತ್ರ ನಿಂತು ನೋಡಿದವನಿಗೆ ಅಧಿಕಾರ ಇಲ್ಲ, ದೂರ ಕುಂತು ಬರೆಯೋನಿಗೆ ಐತಿ?’ ಎಂದು ಅವರು ಕೇಳಿದರು. ಗಣಿ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ.

ಕಂಪ್ಲಿಯ ಹಳೇ ಪೈಲ್ವಾನರು ಮೀಸೆಗಂಟಿದ ಮಂಡಕ್ಕಿ ಒರೆಸಿಕೊಂಡು ಹೇಳಿದರು: ‘ಕುಸ್ತಿಯೊಳಗ ಈ ರಗಳೆ ಇಲ್ರೀ. ಬೆನ್ನಿಗೆ ಮಣ್ಣು ಹತ್ತಿತೋ, ಮುಗೀತು. ಮಣ್ಣು ಲಂಚ ತಿನ್ನಂಗಿಲ್ಲ.’ ಆದರೆ ಹಿಂದೆ ಹಂಪಿ ಉತ್ಸವದ ಕುಸ್ತಿಯಲ್ಲಿ ತಮ್ಮ ಶಿಷ್ಯ ಬಿದ್ದಾಗ, ‘ಅದು ಬೆನ್ನಲ್ಲ, ಭುಜ!’ ಎಂದು ಅಖಾಡಕ್ಕೇ ಇಳಿದವರು ಇದೇ ಪೈಲ್ವಾನರು. ಅವರ ತೋಳಿನ ಗಾತ್ರ ಗಮನಿಸಿ ಯಾರೂ ಅದನ್ನು ನೆನಪಿಸಲಿಲ್ಲ.

ಈ ಮಣ್ಣಿಗೆ ತೀರ್ಪುಗಾರರು ಹೊಸಬರೇನಲ್ಲ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಜಟ್ಟಿಗಳ ಗುದ್ದಿಗೆ ಹಲ್ಲು ಉದುರಿದ್ದನ್ನೂ ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ದದ್ದನ್ನೂ ಬರೆದಿಟ್ಟಿದ್ದಾನೆ. ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸಿ, ಗೆದ್ದವನಿಗೆ ಮರ್ಯಾದೆ ಕೊಡಿಸಲು ತೀರ್ಪುಗಾರರಿದ್ದರಂತೆ. ಸೋತವರು ಏನೆಂದರೆಂದು ಅವನು ಬರೆದಿಲ್ಲ. ಹಲ್ಲು ಹೋದವರ ತಕರಾರು ಅವನಿಗೆ ಅರ್ಥವಾಗದೆ ಇದ್ದಿರಬಹುದು.

ತಕರಾರೆಂದರೆ ವಾಲಿಯದು. ಹಂಪಿ–ಆನೆಗೊಂದಿಯೇ ಕಿಷ್ಕಿಂಧೆ ಎನ್ನುವ ನಮಗೆ ಅದು ಊರೊಳಗಿನ ಕೇಸು. ಮೊದಲ ಪಂದ್ಯದಲ್ಲಿ ಅಣ್ಣತಮ್ಮಂದಿರ ಗುರುತು ಸಿಗದೆ ರಾಮ ಬಾಣ ಬಿಡಲಿಲ್ಲ. ಸುಗ್ರೀವ ಒದೆ ತಿಂದು ಓಡಿಬಂದ. ಎರಡನೆಯ ಪಂದ್ಯಕ್ಕೆ ಲಕ್ಷ್ಮಣ ಅವನ ಕೊರಳಿಗೆ ಹೂಬಳ್ಳಿ ಕಟ್ಟಿದ. ಒಲಿಂಪಿಕ್ಸಿನಲ್ಲಿ ಕೆಂಪು, ನೀಲಿ ಅಂಗಿ ತೊಡಿಸುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ರೆಫರಿ ಇರಲಿಲ್ಲ, ಮರದ ಮರೆಯಲ್ಲಿ ಬಿಲ್ಲು ಇತ್ತು. ಬಿದ್ದ ವಾಲಿ ‘ಇದು ನ್ಯಾಯವೇ?’ ಎಂದು ಕೇಳಿದ. ರಾಮ ಉತ್ತರ ಕೊಟ್ಟ, ವಾಲಿ ಒಪ್ಪಿಕೊಂಡೂ ಬಿಟ್ಟ. ಒಪ್ಪದೆ ಇಂದಿಗೂ ವಾದಿಸುತ್ತಿರುವವರು ಪ್ರೇಕ್ಷಕರು ಮಾತ್ರ.

ಈ ಎಲ್ಲ ವಿಚಾರಣೆಗಳಲ್ಲಿ ಒಬ್ಬ ಸಾಕ್ಷಿಯನ್ನು ಮಾತ್ರ ಯಾರೂ ಕರೆಯುವುದಿಲ್ಲ. ಸುಗ್ರೀವ ಅತ್ತ, ರಾಜ್ಯ ಬೇಡವೆಂದ, ಕೊನೆಗೆ ಪಟ್ಟ ಕಟ್ಟಿಸಿಕೊಂಡ. ರೆಫರಿ ಸಮನಾಗಿ ನಡೆದುಕೊಂಡನೇ ಎಂದು ಸೋತವನನ್ನು ಕೇಳಿ ಏನು ಫಲ? ಗೆದ್ದವನನ್ನು ಕೇಳಬೇಕು. ಇದನ್ನು ಪೀಠದ ಮುಂದಿಟ್ಟೆ. ಲಾರಿ ಮಾಲೀಕರು ಒಂದು ಕ್ಷಣ ಯೋಚಿಸಿ, ‘ಸರಿ ಐತ್ರಿ. ಆದರ ಮುಂದಿನ ಸಲ ನಮ್ಮ ಹುಡುಗ ಗೆದ್ದಾಗ ಈ ರೂಲ್ ಬ್ಯಾಡ’ ಎಂದು ಎಲ್ಲರಿಗೂ ಚಹ ಹೇಳಿದರು.