ಕೈ ಡ್ರಿಲ್ಲಿನ ಕಾಯಕಲ್ಪ
ಅಟ್ಟದಲ್ಲಿ ಸಿಕ್ಕ ಅಜ್ಜನ ಕಾಲದ ಕೈ ಡ್ರಿಲ್ಲನ್ನು ಬಿಚ್ಚಲು ಕೂತರೆ ಮನೆಯಾಕೆ, "ಫ್ಯಾನು ಒರೆಸಿ ಅಂದ್ರೆ ಸೊಂಟನೋವು, ಇದಕ್ಕೆ ಬರಲ್ವೇನ್ರೀ?" ಎಂದಳು. ರಾತ್ರಿಯಿಡೀ ಸೀಮೆಎಣ್ಣೆ ಕುಡಿದ ಮೇಲೆ ಕೊರೆಯುವ ಮೊನೆಯನ್ನು ಕಚ್ಚಿಹಿಡಿಯುವ ಚಕ್ ಬಾಯಿಬಿಟ್ಟಿತು. ಒಳಗೆ ಮೂರು ದವಡೆ, ನಡುವೆ ಸಣ್ಣ ಸ್ಪ್ರಿಂಗುಗಳು. ಒಂದು ಚಿಮ್ಮಿ ಸೋಫಾದಡಿ ಸೇರಿತು. ಅದನ್ನು ಹುಡುಕುವ ನೆಪದಲ್ಲಿ ಮನೆ ದೀಪಾವಳಿಗಿಂತ ಚೆನ್ನಾಗಿ ಗುಡಿಸಿಹೋಯಿತು. ಹಿಡಿ ತಿರುಗಿಸಿದರೆ ದೊಡ್ಡ ಹಲ್ಲಿನ ಚಕ್ರ ಗಂಭೀರವಾಗಿ ಒಂದು ಸುತ್ತು ಬರುವಷ್ಟರಲ್ಲಿ ಪುಟ್ಟ ಪಿನಿಯನ್ ಹಲವು ಸುತ್ತು ಓಡಿರುತ್ತದೆ, ಥೇಟ್ ಕಚೇರಿಯಲ್ಲಿ ಸಾಹೇಬರೂ ನಾನೂ ಇದ್ದಂತೆ! ತುಕ್ಕು ತಿಕ್ಕಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಈಗ ಕೈ ಸುಮ್ಮನಿರುತ್ತಿಲ್ಲ. ಸ್ಟೂಲು, ಚಪ್ಪಲಿ ಸ್ಟ್ಯಾಂಡು, ಮಗನ ಬ್ಯಾಟು, ಎಲ್ಲಕ್ಕೂ ತೂತು. ಚಪಾತಿ ಮಣೆ ಮಾತ್ರ ಒಡವೆಗಳ ಜೊತೆ ಬೀರು ಸೇರಿದೆ. ಕೀ ಅವಳ ಸೊಂಟದಲ್ಲಿ.