ಎರಡಕ್ಕೂ ಹತ್ತಕ್ಕೂ ನಡುವೆ ಒಂದು ಕಡತ

ಹಕ್ಕಿಜ್ವರ ಮನುಷ್ಯರಿಂದ ಮನುಷ್ಯರಿಗೆ ಹರಡತೊಡಗಿದರೆ ಎಷ್ಟರೊಳಗೆ ಎಚ್ಚೆತ್ತುಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಬಂದಿದೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಇದ್ದು ಅಶೋಕ ವಿಶ್ವವಿದ್ಯಾಲಯಕ್ಕೆ ಹೋದ ಗೌತಮ್ ಮೆನನ್ ಮತ್ತು ಅವರ ಸಹೋದ್ಯೋಗಿ ಫಿಲಿಪ್ ಚೆರಿಯನ್ ಸೇರಿ ಕಂಪ್ಯೂಟರಿನೊಳಗೆ ಒಂದು ಹಳ್ಳಿಯನ್ನೇ ಕಟ್ಟಿದರು. ಮಾದರಿಗೆ ತೆಗೆದುಕೊಂಡದ್ದು ದೇಶದ ಮೊಟ್ಟೆ ರಾಜಧಾನಿ ಎನಿಸಿದ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಊರು, ಜನಸಂಖ್ಯೆ 9,667. ಎರಡನೇ ರೋಗಿ ಸಿಕ್ಕ ಕೂಡಲೇ ಅವರ ಸಂಪರ್ಕಕ್ಕೆ ಬಂದವರ ಮನೆಗಳನ್ನು ಪ್ರತ್ಯೇಕಿಸಿದರೆ ರೋಗ ಅಲ್ಲಿಗೇ ನಿಲ್ಲುವುದು ಬಹುತೇಕ ಖಚಿತ. ರೋಗಿಗಳ ಸಂಖ್ಯೆ ಹತ್ತಕ್ಕೆ ಮುಟ್ಟುವವರೆಗೆ ಕಾದರೆ ಅದು ಊರು ಸೇರಿರುತ್ತದೆ. ಕೋಳಿಗಳನ್ನು ಕೊಂದು ಪ್ರಯೋಜನವಾಗುವುದು ವೈರಸ್ ಮನುಷ್ಯನಿಗೆ ದಾಟುವ ಮೊದಲು ಮಾತ್ರ.

ಲೆಕ್ಕ ಚೊಕ್ಕವಾಗಿದೆ. ಆದರೆ ಆ ಕಂಪ್ಯೂಟರ್ ಹಳ್ಳಿಯಲ್ಲಿ ಮನೆ, ಶಾಲೆ, ದುಡಿಮೆ ಎಲ್ಲ ಇದ್ದರೂ ಕಡತ ಇರಲಿಲ್ಲ. ನಮ್ಮಲ್ಲಿ ಇದೆ.

ನಮ್ಮ ಎಣಿಕೆಯ ವೇಗ ನೋಡಿ. ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಮಗು ಹಕ್ಕಿಜ್ವರದಿಂದ 2025ರ ಮಾರ್ಚ್ 16ರಂದು ತೀರಿಕೊಂಡಿತು. ಕಾರಣ ಊರಿಗೆ ತಿಳಿಯುವ ಹೊತ್ತಿಗೆ ಮಾರ್ಚ್ ಮುಗಿದಿತ್ತು. ಅದಕ್ಕೂ ಹಿಂದೆ, 2024ರ ಫೆಬ್ರುವರಿಯಲ್ಲಿ ಕೋಲ್ಕತ್ತಕ್ಕೆ ಬಂದುಹೋದ ಮಗುವೊಂದಕ್ಕೆ ಇದೇ ರೋಗ ತಗಲಿದ್ದನ್ನು ಪತ್ತೆ ಮಾಡಿದ್ದು ಆಸ್ಟ್ರೇಲಿಯಾ, ಅದೂ ಮಗು ಅಲ್ಲಿಗೆ ಹಿಂತಿರುಗಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಗೆ ಸುದ್ದಿ ಮುಟ್ಟಿದ್ದು ಮೇ ತಿಂಗಳಲ್ಲಿ. ಎರಡನೇ ರೋಗಿಯನ್ನು ಹಿಡಿಯಬೇಕಾದರೆ ಮೊದಲನೆಯ ರೋಗಿ ಸಿಗಬೇಕಲ್ಲ? ಆತ ವಿಮಾನ ಹತ್ತಿ ಮೆಲ್ಬರ್ನ್ ಕಡೆ ಹೋದರೆ ನಮ್ಮ ಪುಣ್ಯ.

ಮನುಷ್ಯರದು ಬಿಡಿ, ಕೋಳಿಯ ಕಥೆ ಕೇಳಿ. ನಾಮಕ್ಕಲ್ ಇರುವ ರಾಜ್ಯದ ರಾಜಧಾನಿ ಚೆನ್ನೈನಲ್ಲೇ, ಮಾಧವರಂನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ, ಗಿಂಡಿಯಲ್ಲಿ ಶತಮಾನ ದಾಟಿದ ಕಿಂಗ್ ಇನ್‌ಸ್ಟಿಟ್ಯೂಟ್ ಇದೆ. ಆದರೂ ಸತ್ತ ಹಕ್ಕಿಗೆ ಹಕ್ಕಿಜ್ವರವೇ ಎಂದು ಮುದ್ರೆ ಬೀಳಬೇಕಾದರೆ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಬೇಕು. ಬದುಕಿದ್ದಾಗ ಗೂಡು ದಾಟದ ಕೋಳಿಗೆ ಸತ್ತ ಮೇಲೆ ಭಾರತ ದರ್ಶನ.

ಇನ್ನು ಪರಿಹಾರ. ಕೇಂದ್ರದ ಯೋಜನೆಯಲ್ಲಿ ರೈತನಿಗೆ ಹಣ ಸಿಗುವುದು ಸರ್ಕಾರ ಕೊಂದ ಕೋಳಿಗೆ, ರೋಗ ಕೊಂದ ಕೋಳಿಗಲ್ಲ. ಫಾರಂನಲ್ಲಿ ನೂರು ಕೋಳಿ ಸತ್ತು ಬಿದ್ದ ಬೆಳಿಗ್ಗೆ ಮಾಲೀಕನ ಮುಂದೆ ಎರಡು ದಾರಿ: ಫೋನ್ ಮಾಡಿ ಉಳಿದದ್ದನ್ನೆಲ್ಲ ಹೂಳಿಸಿಕೊಂಡು ಪರಿಹಾರದ ಅರ್ಜಿ ಹಿಡಿದು ಅಲೆಯುವುದು, ಇಲ್ಲವೇ ಬದುಕಿರುವುದನ್ನು ರಾತ್ರಿಯೊಳಗೆ ಲಾರಿಗೆ ತುಂಬುವುದು. ಅವನು ಪ್ರಾಮಾಣಿಕನಾಗಿರಲಿ ಎಂದು ಹಾರೈಸುವುದೇ ನಮ್ಮ ಕಣ್ಗಾವಲು ವ್ಯವಸ್ಥೆ.

ಸಿದ್ಧತೆಯೇ ಇಲ್ಲ ಎಂದವರು ಯಾರು? ಕೇರಳದ ಆಲಪ್ಪುಳದಲ್ಲಿ ಬಾತುಕೋಳಿ ಸತ್ತಾಗಲೆಲ್ಲ ತಮಿಳುನಾಡು ವಾಳಯಾರ್ ಗಡಿಯಲ್ಲಿ ಲಾರಿಗಳ ಚಕ್ರಕ್ಕೆ ಔಷಧಿ ಸಿಂಪಡಿಸುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಹಾದಿ ಹಿಡಿದು ಬರುವ ಹಕ್ಕಿಗಳು ಮಾತ್ರ ವಾಳಯಾರಿನತ್ತ ತಲೆ ಹಾಕದೆ ನೇರ ಚೆನ್ನೈನ ಪಳ್ಳಿಕರಣೈ ಜೌಗಿಗೇ ಇಳಿದು, ಪಕ್ಕದ ಪೆರುಂಗುಡಿ ಕಸದ ಗುಡ್ಡದ ನೆರೆಯಲ್ಲಿ ಬಿಡಾರ ಹೂಡುತ್ತವೆ. 2024ರ ಆಗಸ್ಟ್‌ನಲ್ಲಿ ರಾಜಸ್ಥಾನದ ಅಜ್ಮೇರ್‌ನಲ್ಲಿ ‘ವಿಷಾಣು ಯುದ್ಧ ಅಭ್ಯಾಸ’ ಎಂಬ ರಾಷ್ಟ್ರೀಯ ಅಣಕು ಕಾರ್ಯಾಚರಣೆಯೂ ನಡೆಯಿತು. ವೈರಸ್ 27ನೇ ತಾರೀಖು ಬಂದು 31ಕ್ಕೆ ಹೊರಟಿತು. ತಂಡಗಳ ಸ್ಪಂದನೆ ಬಹುಮಟ್ಟಿಗೆ ತ್ವರಿತವಾಗಿತ್ತೆಂದು ವರದಿಯಾಯಿತು. ವೇಳಾಪಟ್ಟಿ ನೋಡಿಕೊಂಡು ಬರುವ ವೈರಸ್ ಎದುರು ನಾವು ಅಜೇಯರು.

ಬರದೇ ಇರುವ ಪರೀಕ್ಷೆಗೆ ಚೆನ್ನೈ ಫೇಲಾಗುತ್ತದೆಂದು ಹೇಳುವುದು ಅನ್ಯಾಯ ಎನ್ನಬಹುದು. ಆದರೆ ಒಂದು ಸಲ ಅದು ಪರೀಕ್ಷೆ ಬರೆದಾಗಿದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾಲದಲ್ಲಿ ಜನ ಗುಂಪು ಸೇರಬಾರದೆಂದು 26ರಿಂದ ನಾಲ್ಕು ದಿನ ಪೂರ್ಣ ಬಂದ್ ಘೋಷಣೆಯಾಯಿತು. 25ರಂದು ಇಡೀ ನಗರ ಕೋಯಂಬೇಡು ಮಾರುಕಟ್ಟೆಯಲ್ಲಿ ಗುಂಪು ಸೇರಿತು. ಮಾರುಕಟ್ಟೆ ಮುಚ್ಚಿದ್ದು ಮೇ 5ಕ್ಕೆ. ಅಷ್ಟರಲ್ಲಿ ಮೂಟೆ ಹೊರುವವರು ಲಾರಿ ಹತ್ತಿ ಕಡಲೂರು, ಅರಿಯಲೂರು, ವಿಳುಪ್ಪುರಂ ಸೇರಿದ್ದರು, ಜೊತೆಯಲ್ಲಿ ಸೋಂಕೂ ಸೇರಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಗಾದೆಯಷ್ಟೇ ಅಲ್ಲ, ನಮ್ಮ ಕಾರ್ಯವಿಧಾನ.

ಪ್ರಜೆಗಳ ಸಿದ್ಧತೆಯೂ ಕಡಿಮೆಯದಲ್ಲ. ಹಕ್ಕಿಜ್ವರದ ಸುದ್ದಿ ಬಂದರೆ ವಾರ ಕಾಲ ಚಿಕನ್ ಬಂದ್. ದರ ಇಳಿದ ಮೇಲೆ ಬಿರಿಯಾನಿ ಅಂಗಡಿ ಮುಂದೆ ಸಾಲು. 70 ಡಿಗ್ರಿಯಲ್ಲಿ ಬೆಂದರೆ ಸಾಯುವ ವೈರಸ್, ಚಿಕನ್ 65ರ ಬಾಣಲೆಯಲ್ಲಿ ಹೇಗೆ ಉಳಿದೀತು ಎಂದು ಯಾರೂ ಕೇಳುವುದಿಲ್ಲ. ಅಪಾಯ ತಟ್ಟೆಯಲ್ಲಿಲ್ಲ, ಅಂಗಡಿಯ ಹಿಂಬದಿಯಲ್ಲಿ ಕೈಗವಸಿಲ್ಲದೆ ಪುಕ್ಕ ಕೀಳುವವನ ಹತ್ತಿರ ಇದೆ. ಜ್ವರ ಬಂದರೆ ಅವನು ಮೆಡಿಕಲ್ ಶಾಪಿನಲ್ಲಿ ಪ್ಯಾರಾಸಿಟಮಾಲ್ ನುಂಗಿ ಮತ್ತೆ ಕತ್ತಿ ಹಿಡಿಯುತ್ತಾನೆ, ಯಾಕೆಂದರೆ ರಜೆ ಹಾಕಿದ ದಿನ ಕೂಲಿಯಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ, ಒಪ್ಪಿದೆ. ಕೋಳಿ ಕೊಯ್ಯುವವನನ್ನಾದರೂ ಕೇಳಬೇಡವೇ? ಎರಡನೇ ರೋಗಿ ಅವನೇ ಇರಬಹುದು.

ಸಿದ್ಧತೆಗೆ ಹೊಸ ಸಮಿತಿ, ಹೊಸ ಹೆಸರಿನ ಅಭಿಯಾನ ಬೇಕಿಲ್ಲ. ಕೋಳಿ ಅಂಗಡಿಯ, ಫಾರಂನ ಕೆಲಸಗಾರನಿಗೆ ಜ್ವರ ಬಂದರೆ ಕೂಲಿ ಸಹಿತ ರಜೆ ಕೊಡಿ, ಅವತ್ತೇ ಗಂಟಲ ಮಾದರಿ ತೆಗೆಯಿರಿ. ಸತ್ತ ಕೋಳಿಗೂ ಪರಿಹಾರ ಕೊಡಿ, ತಿಂಗಳೊಳಗೆ ಕೊಡಿ. ಫೋನ್ ತಾನಾಗಿ ಬರುತ್ತದೆ. ಇದಕ್ಕೆ ತಗಲುವ ದುಡ್ಡು, ಒಂದು ನಗರವನ್ನು ಮುಚ್ಚಿಡುವ ಖರ್ಚಿನ ಮುಂದೆ ಚಿಲ್ಲರೆ.

ಇದೆಲ್ಲ ತಮಿಳುನಾಡಿನ ತಾಪತ್ರಯ ಎಂದು ನಗುತ್ತಿರುವ ಬೆಂಗಳೂರಿಗರಿಗೆ ಎರಡು ಮಾತು. 2012ರಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ನಿಮ್ಮ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ್ದೇ ಕುಕ್ಕುಟ ಕೇಂದ್ರದಲ್ಲಿ. ಮತ್ತೆ, ನಾಮಕ್ಕಲ್ ಚೆನ್ನೈಗಿಂತ ನಿಮಗೇ ಹತ್ತಿರ.